ನಿನ್ನ ವೈರಸ್ಸು, ನನ್ನ ಹೆಸರು

ಅಕ್ಕಾ,

ಹೊಲಿಗೆ ಯಂತ್ರದ ಮೇಲಿಟ್ಟರೆ ಮಾತ್ರ ನೀನು ಓದುತ್ತೀಯೆಂದು ಇಲ್ಲಿಟ್ಟಿದ್ದೇನೆ. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು. ಇವತ್ತು ಯಾರ ಬಟ್ಟೆಯೂ ಅರ್ಜೆಂಟಲ್ಲ.

ಗರ್ಭಕಂಠದ ಪರೀಕ್ಷೆಗೆ ಮನೆಯಲ್ಲೇ ಮಾದರಿ ತೆಗೆದಾಗ ನಿನ್ನ ಕೊಳವೆಗೆ ನನ್ನ ಹೆಸರು, ನನ್ನದಕ್ಕೆ ನಿನ್ನ ಹೆಸರು ಅಂಟಿಸಿದೆಯಲ್ಲ, ಎಂಥ ತಲೆ! "ನಿಂದು ಹೇಗೂ ಚೆನ್ನಾಗೇ ಬರುತ್ತೆ, ಅದು ನನಗಿರಲಿ ಅಂದ್ಕೊಂಡೆ ಕಣೇ" ಎಂದು ನಿನ್ನೆ ಊಟಕ್ಕೆ ಕೂತಾಗ ನೀನೇ ಬಾಯಿಬಿಟ್ಟೆ. ವರದಿಯಲ್ಲಿ ಹೆಸರು ಬದಲಾದರೆ ವೈರಸ್ಸು ಮೈ ಬದಲಾಯಿಸುತ್ತದೆಯೇ, ಮಹಾರಾಯ್ತಿ? ನನ್ನ ಹೆಸರಿನ ವರದಿಯಲ್ಲಿ ವೈರಸ್ಸು ಇದೆಯೆಂದು ಬಂದಾಗಿನಿಂದ ಎರಡು ದಿನ ನಾನು ಅತ್ತದ್ದೇ ಅತ್ತದ್ದು. ಪಕ್ಕದಲ್ಲಿ ಕೂತು ಧೈರ್ಯ ಹೇಳಿದವಳು ನೀನು!

ನಾನು ಹೋಗುವ ಸಂಜೆಯ ಆರೋಗ್ಯ ತರಗತಿಯ ನೋಟ್ಸನ್ನು ಮೂರು ಸಲ ನೋಡಿ ಬರೆಯುತ್ತಿದ್ದೇನೆ, ಆದರೂ ತಪ್ಪಿದ್ದರೆ ನರ್ಸನ್ನು ಕೇಳು. ಎಚ್‌ಪಿವಿ, ಅಂದರೆ ಈ ವೈರಸ್ಸು, ಸಿಕ್ಕಿತೆಂದರೆ ಕ್ಯಾನ್ಸರ್ ಎಂದಲ್ಲ. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ವರ್ಷಗಟ್ಟಲೆ ಬೀಡುಬಿಟ್ಟರೆ ಜೀವಕೋಶಗಳನ್ನು ಕೆಡಿಸಬಹುದು. ಈಗಲೇ ತೋರಿಸಿದರೆ ಅಷ್ಟರೊಳಗೆ ತಡೆಯಬಹುದು.

ಲ್ಯಾಬಿಗೆ ಫೋನ್ ಮಾಡಿ ನಿಜ ಹೇಳಿದೆ. ಇಬ್ಬರೂ ಮತ್ತೆ ಮಾದರಿ ಕೊಡಬೇಕಂತೆ. "ನಿಮ್ಮಕ್ಕ ಏನು ಚಿಕ್ಕ ಮಗುವಾ?" ಎಂದರು. ಇಲ್ಲ, ನಲವತ್ತಾರು ಎಂದೆ.

ವೈರಸ್ಸು ನಿನ್ನದೆಂದು ತಿಳಿದ ಕೂಡಲೇ ಮೊದಲು ನನಗೆ ಹಾಯೆನಿಸಿತು. ಅದಕ್ಕೇ ಈಗ ನಿನ್ನ ಮುಖ ನೋಡದೆ ಹೊರಡುತ್ತಿದ್ದೇನೆ.

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯ ಗೇಟಿನ ಬಳಿ ನಿಂತಿರುತ್ತೇನೆ. ಪರೀಕ್ಷೆಯ ಕೋಣೆಯೊಳಗೆ ನನ್ನನ್ನು ಬಿಡದಿದ್ದರೆ, ಬಾಗಿಲ ಹೊರಗೇ ನಿಂತು ನಿನಗೆ ಕೇಳಿಸುವಷ್ಟು ಜೋರಾಗಿ ಬೈಯುತ್ತಿರುತ್ತೇನೆ.

ತಂಗಿ