ಹಿಂಬಾಗಿಲಿನ ಹಳೆಯ ಬೀಗ

ನಿನ್ನ ಹಳೆಯ ಮನೆಯಿಂದ,
ಮಾರ್ಚ್ ೧೨, ಬುಧವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಮುದ್ದು ಅಕ್ಕಾ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೆ? ಲೈಬ್ರರಿಯಲ್ಲಿ ಏಣಿ ಹತ್ತಿ ಪುಸ್ತಕ ತೆಗೆಯುವುದನ್ನು ಬಿಟ್ಟೆಯೋ ಇಲ್ಲವೋ? ನಿನ್ನ ಫೋನ್ ಎರಡು ತಿಂಗಳಿಂದ ಸ್ವಿಚ್ ಆಫ್. ಬೇರೆ ಯಾವ ತಂಗಿಯಾಗಿದ್ದರೂ ಗಾಬರಿಯಿಂದ ಓಡಿ ಬರುತ್ತಿದ್ದಳು. ನನಗೆ ಗಾಬರಿಯೇ ಇಲ್ಲ, ಏಕೆ ಎಂದು ನಿನಗೂ ಗೊತ್ತು, ನನಗೂ ಗೊತ್ತು, ಕಳ್ಳಿ! (ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ. ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಅಪ್ಪ, ನಾನಲ್ಲ.)

ನಾನು ಸುಖವಾಗಿದ್ದೇನೆ. ಎಷ್ಟು ಸುಖ ಎಂದರೆ, ಮದುವೆಯಾಗಿ ನಾಲ್ಕು ತಿಂಗಳಾದರೂ "ನನ್ನ ಗಂಡ" ಎಂದು ಬರೆಯುವಾಗ ಒಬ್ಬಳೇ ನಗುತ್ತೇನೆ. ಇವರು ಕನ್ನಡಕದ ಅಂಗಡಿಯಿಂದ ಬಂದವರೇ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅಲಾರಂ ಪೆಟ್ಟಿಗೆ ನೋಡುತ್ತಾರೆ. ಹೌದು, ನಮ್ಮ ಮನೆ ಈಗ ಕೋಟೆ! ವಿಮೆ ಕಂಪನಿಯವರು ಒಂದು ಪಟ್ಟಿ ಕೊಟ್ಟಿದ್ದರು. ಮುಂಬಾಗಿಲಿಗೆ ಹೊಸ ಬೀಗ, ಕೆಳಗೆ ಮೇಲೆ ಎಲ್ಲ ಕಿಟಕಿಗೂ ಕಬ್ಬಿಣದ ಗ್ರಿಲ್, ಗೇಟಿನ ಕಡೆಗೊಂದು ಕ್ಯಾಮೆರಾ, ಎರಡೂ ಬಾಗಿಲಿಗೆ ಅಲಾರಂ. ಇಷ್ಟು ಮಾಡಿ ಎರಡು ತಿಂಗಳ ದಾಖಲೆ ತೋರಿಸಿದರೆ ಕಂತಿನಲ್ಲಿ ಕಾಲು ಭಾಗ ಕಡಿತವಂತೆ. ಇವರಂತೂ ಹಬ್ಬಕ್ಕೆ ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ ಕುಣಿದಾಡಿದರು.

ಬೀಗದವನು ಹಿಂಬಾಗಿಲಿಗೂ ಹೊಸದು ತಂದಿದ್ದ. ನಾನೇ ಬೇಡ ಎಂದೆ. "ಅಮ್ಮಾ, ಮುಂದೆ ಇಷ್ಟೆಲ್ಲ ಮಾಡ್ಸಿ ಹಿಂದೆ ಈ ತುಕ್ಕು ಬೀಗಾನಾ? ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀರಾ?" ಎಂದು ಬೈದ. ಬೈಯಲಿ ಬಿಡು. ಹೊಸ ಬೀಗ ಬಿದ್ದರೆ, ನೀನು ಈ ಮನೆಯಲ್ಲಿದ್ದಾಗಿನಿಂದ ನಿನ್ನ ಬಳಿ ಇರುವ ಕೀಲಿ ನಡೆಯುವುದಿಲ್ಲವಲ್ಲ! ಮದುವೆಯ ದಿನ ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ ನೀನು ಹೇಳಿದ್ದು ನೆನಪಿದೆ: "ಗುಬ್ಬಿ, ಸಂಸಾರ ಹೆಂಗ್ ಮಾಡ್ತೀಯ ಅಂತ ಗುಟ್ಟಾಗಿ ಬಂದು ನೋಡ್ಕೊಂಡ್ ಹೋಗ್ತೀನಿ, ಗೊತ್ತೂ ಆಗಲ್ಲ ನಿಂಗೆ."

ಗೊತ್ತಾಯಿತು! ಜನವರಿ ಕೊನೆಯ ಬುಧವಾರ, ನಿನ್ನ ವಾರದ ರಜೆಯ ದಿನ, ನಾನು ಶಿಶುವಿಹಾರದಿಂದ ಬಂದಾಗ ತೊಳೆದ ಲೋಟವೊಂದು ಸಿಂಕಿನ ಪಕ್ಕ ಬೋರಲಾಗಿತ್ತು. ನಾನು ಬೆಳಿಗ್ಗೆ ತೊಳೆಯದೆ ಬಿಟ್ಟು ಹೋದ ಲೋಟ. ಮರುವಾರ ಹಾಸಿಗೆಯ ಮೇಲೆ ಯಾರೋ ಅಂಗಾತ ಮಲಗಿ ಎದ್ದ ಗುರುತು, ದಿಂಬಿನಲ್ಲಿ ಒಂದು ಗುಳಿ. ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಹಿಂದೆ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ನಿಂತು "ಭೋ" ಎನ್ನುತ್ತಿದ್ದವಳು ನೀನೇ ತಾನೆ?

ಮನೆಗೆ ಅಲಾರಂ ಕೂರಿಸಿದಾಗ, ನೀನು ಸಿಕ್ಕಿಬೀಳಬಾರದು ಎಂದು ಅಡುಗೆಮನೆ ಮೇಜಿನ ಮೇಲೆ ಚೀಟಿ ಇಟ್ಟೆ: "ಅಕ್ಕಾ, ಪೆಟ್ಟಿಗೆ ಕೂಗಿದರೆ 4172 ಒತ್ತು, ನಮ್ಮ ಶಾಲೆ ಬಸ್ಸಿನ ನಂಬರು. ಬಿಸ್ಕತ್ತು ಡಬ್ಬಿಯಲ್ಲಿದೆ. ಇಂತಿ ನಿನ್ನ ಗುಬ್ಬಿ." ಅದರ ಮುಂದಿನ ಬುಧವಾರದ ಅಲಾರಂ ದಾಖಲೆಯಲ್ಲಿ 11.40ಕ್ಕೆ ಹಿಂಬಾಗಿಲು ತೆರೆದಿತ್ತು, ಕೋಡ್ ಒಂದೇ ಸಲಕ್ಕೆ ಸರಿ, 12.25ಕ್ಕೆ ಮತ್ತೆ ತೆರೆದು ಮುಚ್ಚಿತ್ತು. ಚೀಟಿಯ ಹಿಂದೆ ಉತ್ತರವೂ ಇತ್ತು: "ಸರಿ ಗುಬ್ಬಿ." ಅಕ್ಷರ ಎಡಗೈಯಲ್ಲಿ ಬರೆದ ಹಾಗೆ ಸೊಟ್ಟಗೆ! ವೇಷ ಹಾಕಿದರೆ ನಿನ್ನಷ್ಟು ಪೂರ್ತಿ ಹಾಕಬೇಕು. ಕಂಪನಿಯವರು ಬುಧವಾರ ಹಗಲು ಬಂದವರು ಯಾರೆಂದು ಕೇಳಿದರು. ಪ್ರತಿ ಸಲವೂ "ನಾನೇ" ಎಂದು ಸಹಿ ಹಾಕಿದೆ. ಇವರಿಗೂ ಹೇಳಿಲ್ಲ. ಹೇಳಿದರೆ ಮರುದಿನವೇ ಆ ಬಾಗಿಲಿಗೆ ಹೊಸ ಬೀಗ.

ಆದರೆ ಹೋದ ಬುಧವಾರದ್ದು ಮಾತ್ರ ನನಗೆ ಬಗೆಹರಿಯಲಿಲ್ಲ. 11.40ಕ್ಕೆ ಹಿಂಬಾಗಿಲು ತೆರೆದು ಮುಚ್ಚಿದ್ದು ಇದೆ. ಆಮೇಲೆ ಆ ಬಾಗಿಲು ಇವತ್ತಿನವರೆಗೂ ತೆರೆದೇ ಇಲ್ಲ, ನಾವು ಅದನ್ನು ಬಳಸುವುದೂ ಇಲ್ಲ. ಮುಂದಿನ ಕ್ಯಾಮೆರಾದಲ್ಲಿ ನಾವಿಬ್ಬರು ಮತ್ತು ಹಾಲಿನವನು, ಅಷ್ಟೇ. ಕಿಟಕಿಗಳಿಗೆ ಬೆಕ್ಕೂ ತೂರದ ಗ್ರಿಲ್. ಬಂದವಳು ಹೊರಗೆ ಹೋದದ್ದು ಹೇಗೆ, ಮಾಯಗಾತಿ? ಅದನ್ನು ಕೇಳಲೆಂದೇ ಇವತ್ತು ರಜೆ ಹಾಕಿ ಕುಳಿತಿದ್ದೇನೆ. 11.40ಕ್ಕೆ ನೀನು ಬಂದರೆ ನಾನೇ "ಭೋ" ಎನ್ನುತ್ತೇನೆ, ಈ ಪತ್ರವನ್ನು ಕೈಯಲ್ಲೇ ಕೊಡುತ್ತೇನೆ. ಬಾರದಿದ್ದರೆ ಅಂಚೆಗೆ. ಬಿಸ್ಕತ್ತು ಈ ವಾರ ಎರಡು ಡಬ್ಬಿ ಖಾಲಿ, ಇವರು "ನೀನೇ ತಿಂದಿದೀಯ, ಗುಂಡಮ್ಮ" ಎಂದು ರೇಗಿಸುತ್ತಾರೆ. ಮಹಡಿಯ ಕೋಣೆಯಲ್ಲಿ ನಿನ್ನ ರಟ್ಟಿನ ಡಬ್ಬಗಳು ಹಾಗೇ ಇವೆ. ಗಾಳಿಗೋ ಏನೋ, ಈಗಲೂ ಅಲ್ಲಿ ಕಾಗದ ಸರಸರ ಎನ್ನುತ್ತಿದೆ. ಗೇಟಿನಲ್ಲಿ ಅಂಚೆಯವನ ಬೆಲ್ಲು, ನೋಡಿ ಬರುತ್ತೇನೆ.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇವರು ನಿನಗೆ ನಮಸ್ಕಾರ ಹೇಳಿದ್ದಾರೆ. ನನ್ನ ಕಡೆಯಿಂದ ಎರಡೂ ಕೆನ್ನೆಗೆ ಮುತ್ತು.

ನಿನ್ನ
ಗುಬ್ಬಿ

ಮರೆತ ಮಾತು: ಅಕ್ಕಾ, ಅಂಚೆಯಲ್ಲಿ ಬಂದದ್ದು ನಿನ್ನ ಲಕೋಟೆ. ಜನವರಿಯಲ್ಲಿ ಏಣಿಯಿಂದ ಬಿದ್ದು ಕಾಲು ಮುರಿಯಿತು, ಫೋನೂ ಪುಡಿಯಾಯಿತು, ಎರಡು ತಿಂಗಳಿಂದ ಮಂಚ ಬಿಟ್ಟು ಇಳಿದಿಲ್ಲ, ನಾನು ಹೆದರುತ್ತೇನೆಂದು ತಿಳಿಸಲಿಲ್ಲ ಎಂದು ಬರೆದಿದ್ದೀಯ. ಒಳಗೆ ಹಿಂಬಾಗಿಲಿನ ಕೀಲಿ. "ಆ ಬೀಗ ಮೊದಲು ಬದಲಾಯಿಸು, ಅದರ ಇನ್ನೊಂದು ಕೀಲಿ ನಾನಿದ್ದಾಗಲೇ ಕಳೆದುಹೋಗಿತ್ತು" ಎಂದೂ ಬರೆದಿದ್ದೀಯ. ಗುಬ್ಬಿ ಎಂಬ ಹೆಸರನ್ನು ಹೇಳಿಕೊಟ್ಟದ್ದು ನನ್ನ ಚೀಟಿಯೇ, ಅಕ್ಕಾ. ಗೇಟಿಗೆ ಬರುವಾಗ ಅಭ್ಯಾಸಬಲದಿಂದ ಬಾಗಿಲೆಳೆದು ಅಲಾರಂ ಹಾಕಿ ಬಂದಿದ್ದೆ, ಪತ್ರ ಕೈಯಲ್ಲೇ ಇತ್ತು. ಇವರಿಗೆ ಫೋನ್ ಮಾಡಿದೆ, ಪೊಲೀಸರನ್ನು ಕರೆದುಕೊಂಡು ಬರುತ್ತಿದ್ದಾರೆ, "ಒಳಗೆ ಕಾಲಿಡಬೇಡ" ಎಂದರು. ರಸ್ತೆಯ ಆಚೆ ಬದಿಯಲ್ಲಿ ಬರಿಗಾಲಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ 11.40 ಆಗಿಲ್ಲ. ಮನೆಯೊಳಗೆ ಈಗಷ್ಟೇ ಪೆಟ್ಟಿಗೆ ನಾಲ್ಕು ಸಲ ಕುಕ್ ಎಂದು, ಅಲಾರಂ ತೆಗೆದಾಗ ಹಾಡುವ ಪುಟ್ಟ ಹಾಡನ್ನು ಹಾಡಿತು.