ಶಿವ ಕೊಟ್ಟದ್ದು

ಮಸ್ಕಿ
ವ್ಯಯ ಸಂವತ್ಸರ, ಮಾರ್ಗಶಿರ ಶುದ್ಧ ಷಷ್ಠಿ, ೧೯೪೬

ಗೊರೇಬಾಳದ ತಂಗಿ ಶಿವಬಸಮ್ಮನಿಗೆ ಅಣ್ಣ ಅಮರಗುಂಡಪ್ಪನ ಆಶೀರ್ವಾದ. ನಾವಿಲ್ಲಿ ಉಂಡು ತಿಂದು ಇದ್ದೇವೆ. ನಿಮ್ಮ ಕ್ಷೇಮ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ನಿನ್ನ ಕಾಗದ ಬಂದು ತಿಂಗಳಾಯಿತು. ತಡ ಮಾಡಿದ್ದು ನನ್ನದೇ ತಪ್ಪು. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟು ಓಡಿದವನು ನಾನು. ಮಠದ ಅಂಗಳ ಗುಡಿಸುತ್ತ ಗುಡಿಸುತ್ತ ಅಕ್ಷರ ಕಲಿತವಳು ನೀನು. ಒಂದು ಸಾಲು ಬರೆಯುವುದೆಂದರೆ ನನಗೆ ಒಂದು ಬಂಡೆ ಒಡೆದಷ್ಟು ಕೆಲಸ.

ಸರ್ಕಾರಿ ಸಡಕಿನ ಕಲ್ಲು ಒಡೆಯುವಾಗ ಮದ್ದು ಸಿಡಿದು ನಿನ್ನ ಗಂಡ ಕರಿಬಸಪ್ಪನ ಎರಡೂ ಕಣ್ಣು ಹೋಗಿ ಒಂಬತ್ತು ತಿಂಗಳು. ಸರ್ಕಾರದಿಂದ ವಜೀಫಾ ಬರುತ್ತದೆ ಎಂದು ನಾನೇ ಹೇಳಿದ್ದೆ. ಬಂದದ್ದು ಖೈರಾತಿನ, ಅಂದರೆ ದಾನದ, ಕಾಗದ. "ನಾ ಏನು ಮಠದ ಬಾಗಿಲದಾಗ ಕೈ ಚಾಚಿ ಕುಂತೀನೇನು? ದುಡಿಯಾಕ ಹೋಗಿ ಕಣ್ಣ ಕಳ್ಕೊಂಡೀನಿ. ಹೊಳ್ಳಿ ಕಳಸು" ಎಂದು ಅವನು ಗಂಗಾಳ ಸರಿಸಿ ಎದ್ದ ಎಂದು ಬರೆದಿದ್ದಿ. ಓದಿ ನನಗೂ ಅನ್ನ ಇಳಿಯಲಿಲ್ಲ.

ಮೊನ್ನೆ ಲಿಂಗಸುಗೂರಿಗೆ ಹೋಗಿದ್ದೆ. ಕಚೇರಿಯ ಎದುರಿಗೆ ಬೇವಿನ ಗಿಡದ ಬುಡದಲ್ಲಿ ಅರ್ಜಿ ಬರೆಯುವ ಮಹಮ್ಮದಸಾಬ ಕೂತಿರುತ್ತಾನೆ. ನೀನು ಕಳಿಸಿದ ಖೈರಾತಿನ ಕಾಗದ ಅವನ ಮುಂದೆ ಒಗೆದು ಬಾಯಿಗೆ ಬಂದಂತೆ ಬೈದೆ. ಅವನು ಎಲೆ ಮಡಚುತ್ತ, "ಮೇಸ್ತ್ರಿ, ಕಲ್ಲಿಗೆ ಬೈದಂಗ ಕಾಗದಕ್ಕೂ ಬೈತೀರೇನು? ಕಲ್ಲು ಒಡೀತದ, ಕಾಗದ ಒಡಿಯೂದಿಲ್ರಿ" ಎಂದ.

ಆಮೇಲೆ ಕೂಡಿಸಿ ತಿಳಿಸಿದ. "ಸರ್ಕಾರದ ಕೈ ಒಂದಽ ಅಲ್ರಿ. ಸರ್ಕಾರಿ ಕೆಲಸದಾಗ ಅಂಗ ಕಳ್ಕೊಂಡಾಂವಗ ವಜೀಫಾ, ಅದು ಹಕ್ಕು, ಜೀವ ಇರೋತನಕ. ಒಂದ ಸಲ ಕೊಟ್ಟು ಕೈ ತೊಳ್ಕೊಳ್ಳೂದು ಇನಾಮು. ಹುಟ್ಟಗುರುಡರು, ಬ್ಯಾನಿ ಬಿದ್ದಾವರು, ದಿಕ್ಕಿಲ್ಲದಾವರು ಇವರಿಗೆಲ್ಲ ಖೈರಾತು. ಅದಕ್ಕ ವರ್ಷಾ ವರ್ಷಾ ಬಂದು ನಿಂತು, ಇನ್ನೂ ಕುರುಡ ಇದ್ದೀನಿ ಅಂತ ತೋರಿಸಬೇಕು."

"ನಮ್ಮಾಂವ ಹುಟ್ಟಗುರುಡ ಅಲ್ಲಲ್ಲ."

ಅವನು ಕಾಗದದ ಮೇಲೆ ಬೆರಳಿಟ್ಟ. "ಇಲ್ಲಿ ಕಾರಣ ಬರದಾರ ನೋಡ್ರಿ. ಕುದರತಿ. ಅಂದ್ರ ದೇವರಿಂದ ಬಂದದ್ದು. ಮದ್ದಿನ ಸುದ್ದೀನಽ ಇದರಾಗ ಇಲ್ಲ."

ನಾನು ಅದನ್ನು ಬರೆದ ಗುಮಾಸ್ತನ ಕುಲವನ್ನೆಲ್ಲ ಎತ್ತಿ ಬೈದೆ. ಮಹಮ್ಮದಸಾಬ ನನ್ನ ಬಾಯಿ ದಣಿಯುವ ತನಕ ಎಲೆ ಅಗಿದ. "ಗುಮಾಸ್ತ ಮನಸಿನಿಂದ ಬರಿಯೂದಿಲ್ಲ. ಕಣ್ಣು ಹ್ಯಾಂಗ ಹೋದ್ವು ಅಂತ ಕೇಳಿದಾಗ ಜವಾಬು ಯಾರು ಕೊಟ್ರಿ?"

"ನಾನಽ."

"ಏನಂದ್ರಿ?"

"ನಮ್ಮ ಮಂದಿ ಏನಂತಾರ, ಅದನ್ನಽ ಅಂದೆ. ಶಿವ ಕೊಟ್ಟದ್ದು ಅಂದೆ."

ಅವನು ಮೂಗಿನ ಮೇಲಿನ ಚಾಳೀಸು ತೆಗೆದು ಮುಖ ಒರೆಸಿಕೊಂಡ. "ನಿಮ್ಮ ಶಿವಗ ಸರ್ಕಾರ ಸಮನ್ಸ ಕಳಸೂದಿಲ್ರಿ, ಮೇಸ್ತ್ರಿ."

ನೀನೇ ಹೇಳು, ನಮ್ಮ ಮನೆಯಲ್ಲಿ ಜ್ವರ ಬಂದರೂ ಅದೇ ಮಾತು, ಎಮ್ಮೆ ಸತ್ತರೂ ಅದೇ ಮಾತು. ಅವ್ವ ಸಾಯುವಾಗಲೂ ಅದನ್ನೇ ಅಂದಳು. ಗುಮಾಸ್ತ ನನ್ನ ಮಾತನ್ನೇ ತಿರುಗಿಸಿ ಉರ್ದುವಿನಲ್ಲಿ ಬರೆದ, ಕರಿಬಸಪ್ಪ ಹಕ್ಕುದಾರ ಹೋಗಿ ಭಿಕ್ಷುಕನಾದ.

ದಾರಿ ಇನ್ನೂ ಮುಚ್ಚಿಲ್ಲ. ಸೋಮವಾರ ಕಚೇರಿಗೆ ಸಾಹೇಬರು ಬರುತ್ತಾರೆ. ಕಣ್ಣು ಹೋದ ದಿನ ಅಲ್ಲಿದ್ದವರು ಯಾರಾದರೂ ಅವರ ಮುಂದೆ ನಿಂತು, ಮದ್ದು ಹೇಗೆ ಸಿಡಿಯಿತು, ಯಾರ ಹುಕುಮಿನ ಮೇಲೆ ಅವನು ಅಲ್ಲಿಗೆ ಹೋದ ಎಂದು ಹೇಳಿ ಹೆಬ್ಬೆಟ್ಟು ಒತ್ತಬೇಕು. ಆ ದಿನ ತಪ್ಪಿದರೆ ದಫ್ತರು ಹಾಗೇ ರಾಯಚೂರಿಗೆ ಹೋಗುತ್ತದೆ. ಹೋದರೆ ಖೈರಾತೇ ಗತಿ. ಸಾಕ್ಷಿ ಹೇಳಲು ನಾನು ಹೋಗುತ್ತೇನೆ. ಖೈರಾತಿನ ಕಾಗದ ಮತ್ತೆ ಬಂದರೆ ಯಾರೂ ಹೆಬ್ಬೆಟ್ಟು ಒತ್ತಬೇಡಿರಿ. ಅವನಿಗೆ ಉಣ್ಣಲು ಹೇಳು, ನನ್ನ ಮೇಲಿನ ಸಿಟ್ಟನ್ನು ರೊಟ್ಟಿಯ ಮೇಲೆ ತೀರಿಸಬೇಡ ಎನ್ನು.

ನಿನ್ನ ಕೈಬಳೆ ಗಟ್ಟಿಯಿರಲಿ. ಅಮರೇಶ್ವರ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಣ್ಣ
ಅಮರಗುಂಡಪ್ಪ

ಮತ್ತೆ: ಕಾಗದ ಮಡಚಿ ಅಂಟು ಹಚ್ಚಿದ್ದೆ, ಕಿತ್ತು ತೆಗೆದೆ. ಹೆಬ್ಬೆಟ್ಟು ಒತ್ತುವವನು ಏನು ಹೇಳುತ್ತಾನೆ ಎಂಬುದು ನಿನಗೆ ಮೊದಲು ತಿಳಿಯಬೇಕು.

ಶಿವರಾತ್ರಿಯ ಹಿಂದಿನ ದಿನ ಬೆಂಕಿ ಕೊಟ್ಟರೂ ಒಂದು ಮದ್ದು ಹಾರಲಿಲ್ಲ. ಹಾರದ ಮದ್ದಿನ ಹತ್ತಿರ ಒಂದು ಜಾವ ಯಾರೂ ಹೋಗಬಾರದು, ಅದು ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಹಬ್ಬಕ್ಕೆ ಮನೆಗೆ ಹೋಗುವ ಅವಸರ ನನಗೆ. "ಮೇಸ್ತ್ರಿ, ಹೊಗಿ ಇನ್ನೂ ಐತಿ, ತಡಿ" ಎಂದ ಕರಿಬಸಪ್ಪ. "ಹೆಂಗಸಿನಂಗ ಅಂಜತೀಯೇನಲೇ, ಹೋಗಿ ನೋಡು" ಎಂದೆ. ಹೋದ.

ಗುಮಾಸ್ತ ನನ್ನನ್ನು ಎರಡು ಮಾತು ಕೇಳಿದ್ದ. ಕಣ್ಣು ಹೇಗೆ ಹೋದವು ಎಂಬುದು ಮೊದಲನೆಯದು. ಯಾರು ಕಳಿಸಿದರು ಎಂಬುದು ಎರಡನೆಯದು. ಎರಡಕ್ಕೂ ಸೇರಿಸಿ, ಶಿವ ಕೊಟ್ಟದ್ದು ಎಂದೆ. ಅದು ರೂಢಿಯ ಮಾತಾಗಿ ಬಂದದ್ದಲ್ಲ, ತಂಗಿ. ಅಡಗಿ ಕೂರಲು ನನಗೆ ಶಿವನಷ್ಟು ದೊಡ್ಡ ಬೆನ್ನು ಬೇರೆ ಸಿಗಲಿಲ್ಲ.

ಈ ಕಾಗದ ನಿನ್ನ ಕೈ ಮುಟ್ಟುವಷ್ಟರಲ್ಲಿ ನಾನು ಹೇಳಿ ಆಗಿರುತ್ತದೆ. ಮೇಸ್ತ್ರಿಕೆ ಹೋಗಲಿ, ಜೇಲಾಗಲಿ.

ಇಷ್ಟನ್ನು ಅವನಿಗೆ ಓದಿ ಹೇಳಬೇಕಾಗಿಲ್ಲ. ಅವನಿಗೆ ಗೊತ್ತಿರುವುದೇ. ಒಂಬತ್ತು ತಿಂಗಳು ನಿನ್ನ ಮುಂದೆ ಬಾಯಿ ಬಿಡದೆ, ನಿನಗೊಬ್ಬ ಅಣ್ಣನನ್ನು ಉಳಿಸಿಟ್ಟಿದ್ದಾನೆ.