ಎಡಗಿವಿಯ ಚಾವಿ

ಔರಾದ
ಭಾನುವಾರ, 27 ಜುಲೈ 2025

ಶ್ರೀ ನಂದಕುಮಾರ ಅವರಿಗೆ ಶರಣು.

ಗಂಡನ ಹೆಸರು ಹಿಡಿದು ಬರೆದಿದ್ದಾಳೆ ಎಂದು ಹುಬ್ಬು ಏರಿಸಬೇಡಿ. ನಿಮ್ಮ ಮನೆಯಲ್ಲಿದ್ದಷ್ಟು ದಿನ ‘ಅವರು’, ‘ಇವರು’, ‘ಇಲ್ಲಿ ಕೇಳ್ರಿ’ ಎನ್ನುತ್ತಲೇ ಕಾಲ ನೂಕಿದೆ. ಆ ಮನೆ ಬಿಟ್ಟು ಮೂರು ವರ್ಷವಾಯಿತು, ಈಗಲಾದರೂ ಹೆಸರಿಟ್ಟು ಕರೆಯೋಣ ಅನ್ನಿಸಿತು. ಬರೆದು ನೋಡಿದೆ, ಏನೂ ಆಗಲಿಲ್ಲ. ಅಣ್ಣನ ಮನೆಯ ಫ್ಯಾನು ತಿರುಗುತ್ತಲೇ ಇದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಓದುತ್ತೀರಿ ಎಂದು ನನಗೆ ಗೊತ್ತು, ಯಾಕೆಂದರೆ ಇದರ ತುಂಬ ನಿಮ್ಮದೇ ವಿಷಯವಿದೆ. ನಿಮ್ಮ ವಿಷಯ ಬಂದರೆ ನಿಮಗೆ ಎಂದೂ ಬೇಸರವಾದದ್ದಿಲ್ಲ.

ಮೊದಲಿಗೆ ನಿಮಗೆ ಧನ್ಯವಾದ. ಹೋದ ಭಾನುವಾರ ಬೀದರಿನಲ್ಲಿ ಮಾಂಜ್ರಾ ರಂಗಬಳಗದ ಆಡಿಷನ್ ನಡೆದಾಗ ನನ್ನ ಪರವಾಗಿ ಎಲ್ಲರಿಗಿಂತ ಮುಂಚೆ ಕೈ ಎತ್ತಿದವರು ನೀವು. ನೀವು ಎತ್ತಿದ್ದರಿಂದ ಉಳಿದವರೂ ಸಂಕೋಚವಿಲ್ಲದೆ ಎತ್ತಿದರು. ಈ ಸಾಲಿನ ನಾಟಕಗಳಲ್ಲಿ ಎಲ್ಲಕ್ಕೂ ದೊಡ್ಡದರಲ್ಲಿ ಮುಖ್ಯ ಪಾತ್ರ ನನ್ನದಾಯಿತು. ನಿನ್ನೆ ಬಳಗದ ಬಾಗಿಲಿಗೆ ಹೆಸರುಗಳನ್ನು ಅಂಟಿಸಿದ್ದಾರೆ. ಆ ಸುದ್ದಿ ಕಿವಿಗೆ ಬೀಳಲಿ ಎಂದೇ ಈ ಕಾಗದ ಬರೆಯದೆ ಒಂದು ವಾರ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇನ್ನು ಯಾರೂ ಅದನ್ನು ಬದಲಿಸುವಂತಿಲ್ಲ, ನೀವಂತೂ ಬದಲಿಸುವಂತೆಯೇ ಇಲ್ಲ.

ಎಂಟು ವರ್ಷದ ಹಿಂದೆ ಇದೇ ಬಳಗಕ್ಕೆ ನಾನು ಆಡಿಷನ್ ಕೊಟ್ಟಿದ್ದು ನಿಮಗೆ ನೆನಪಿರಬೇಕು. ಯಾರು ಆಯ್ಕೆಯಾದರು ಎಂದು ಕೇಳಿ ಬರಲು ನೀವು ಹೋಗಿದ್ದಿರಿ. ನಾನು ಬೀದರಿನ ನೌಬಾದದ ಮನೆಯ ಹೊಸ್ತಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ. ನೀವು ಬಂದು ಚಪ್ಪಲಿ ಬಿಟ್ಟಿರಿ, ನೀರು ಕುಡಿದಿರಿ, ಗಾಡಿಯ ಚಾವಿಯನ್ನು ಕಿವಿಗೆ ಹಾಕಿ ತಿರುವುತ್ತ, “ಒಂದ್ ಮಾತ್ ಹೇಳ್ತೇನಿ, ಮನಸಿಗಿ ಹಚ್ಕೋಬ್ಯಾಡ. ನಾ ಅವರಿಗಿ ಭಾಳ ಹೇಳ್ದೆ. ಕೇಳಲಿಲ್ಲ. ನಿನ್ನ ನಾಲಿಗಿ ಔರಾದಿಂದು, ಸ್ಟೇಜಿಗಿ ಒಗ್ಗಂಗಿಲ್ಲಂತ” ಎಂದಿರಿ. ನಾನು ಮನಸ್ಸಿಗೆ ಹಚ್ಚಿಕೊಂಡೆ. ಅಡುಗೆಮನೆಯಲ್ಲಿ ನಿಂತು ಅತ್ತೆ, ಆಮೇಲೆ ಮುಖ ತೊಳೆದು ನಿಮಗೇ ಚಹಾ ಮಾಡಿಕೊಟ್ಟೆ.

ಅಂದಿನಿಂದ ನಾಲ್ಕು ಜನರ ಎದುರು ಬಾಯಿ ಬಿಡಲು ಹೆದರುವಂತಾಯಿತು. ನಿಮಗೋ, ಅದೂ ಒಂದು ಮನರಂಜನೆ. ಮನೆಗೆ ಬಂದ ಗೆಳೆಯರಿಗೆ ನಾನು ತರಕಾರಿಯವನ ಜೊತೆ ಚೌಕಾಸಿ ಮಾಡುವ ಧಾಟಿಯನ್ನು ಅಣಕಿಸಿ ತೋರಿಸುತ್ತಿದ್ದಿರಿ. ಅವರು ಬಿದ್ದು ಬಿದ್ದು ನಗುತ್ತಿದ್ದರು, ನಾನು ಬಜಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಂದು ದಿನ ನನ್ನ ಅಣ್ಣ ಸಿದ್ದೇಶ್ವರ ಬಂದಿದ್ದಾಗಲೂ ನೀವು ಆ ಆಟ ಬಿಡಲಿಲ್ಲ. ಅವನು ನಗಲಿಲ್ಲ. ಮರುದಿನ ಅವನ ಜೊತೆಯೇ ಔರಾದಿನ ಬಸ್ಸು ಹತ್ತಿದೆ.

ಈಗ ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ದಿನವಿಡೀ ಗಾದಿಯ ಮೇಲೆ ಕುಳಿತು ಸೀರೆ ಬಿಡಿಸುವುದು, ಮಾತಾಡುವುದು, ಮತ್ತೆ ಮಡಿಸುವುದು. ನೀವು ಕಟ್ಟಿಹಾಕಿದ್ದ ನಾಲಿಗೆ ಅಲ್ಲೇ ಸಡಿಲವಾಯಿತು. ಮಾರ್ಚಿನಲ್ಲಿ ಒಂದು ದಿನ ತಹಮೀನಾ ಆಪಾ ಅಂಗಡಿಗೆ ಬಂದರು. ನಿಮ್ಮ ಬಳಗದ ವೇಷಭೂಷಣವೆಲ್ಲ ಅವರದೇ ಅಲ್ಲವೇ, ಪರದೆಗೆ ಬಟ್ಟೆ ಹುಡುಕುತ್ತಿದ್ದರು. ನನ್ನನ್ನು ಗುರುತು ಹಿಡಿದು, “ಆ ವರ್ಸ ಯಾಕ ಒಲ್ಲೆ ಅಂದಿ ಬೇಟಿ? ನಿನ್ನ ಅಳತಿದೇ ಜಂಪರ್ ಹೊಲ್ಸಿ ಇಟ್ಟಿದ್ದೆ” ಎಂದರು. ನಾನು ಯಾವ ವರ್ಷ, ಯಾವ ಜಂಪರ್ ಎಂದು ಕೇಳಿದೆ.

ಆಪಾ ಹೇಳುತ್ತ ಹೋದರು, ನಾನು ಕೇಳುತ್ತ ಹೋದೆ. ಆ ವರ್ಷ ನಿರ್ದೇಶಕ ನಜಮೋದ್ದೀನ ಸರ್ ಮುಖ್ಯ ಪಾತ್ರಕ್ಕೆ ನನ್ನನ್ನೇ ಆರಿಸಿದ್ದರು. ನಿಮಗೆ ಕೊಟ್ಟಿದ್ದು ಬಾಗಿಲು ಕಾಯುವವನ ಪಾತ್ರ. ನೀವು ಅಲ್ಲಿ ನಿಂತು, “ನಮ್ಮ ಮನಿಯಾಕಿ ಒಲ್ಲೆ ಅಂತಾಳ್ರಿ ಸರ್. ಅವರಣ್ಣ ಬ್ಯಾಡ ಅಂದಾನ್ರಿ” ಎಂದು ಹೇಳಿದಿರಂತೆ. ಕೊನೆಗೆ ಆ ನಾಟಕವನ್ನೇ ಕೈಬಿಟ್ಟು ಬೇರೊಂದನ್ನು ಎತ್ತಿಕೊಂಡರು, ಅದರಲ್ಲಿ ನಿಮಗೆ ದೊಡ್ಡ ಪಾತ್ರ ಸಿಕ್ಕಿತು. ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದಿರಿ. ನಾನೇ ಆರತಿ ಮಾಡಿದ್ದೆ.

ನನ್ನ ಕೈಯಲ್ಲಿದ್ದ ಸೀರೆಯನ್ನು ಮಡಿಸಲು ಬರಲಿಲ್ಲ. ಮೈಯೆಲ್ಲ ಉರಿಯಿತು, ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಆ ಪಾತ್ರವನ್ನು ನಿಮ್ಮ ಕೈಯಿಂದಲೇ ವಸೂಲು ಮಾಡಬೇಕು ಎಂದು ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ನಿಶ್ಚಯ ಮಾಡಿದೆ.

ದಾರಿ ತೋರಿಸಿದವರೂ ನೀವೇ. ಆಡಿಷನ್‌ಗೆ ಯಾರೂ ನಾಟಕದ ಮಾತು ಬಾಯಿಪಾಠ ಮಾಡಿ ತರಬಾರದು, ತಾವು ಹತ್ತಿರದಿಂದ ನೋಡಿದ ಒಬ್ಬ ಮನುಷ್ಯನನ್ನು ಮಾಡಿ ತೋರಿಸಬೇಕು, ಅವನ ಹೆಸರು ಹೇಳಬಾರದು ಎಂಬ ನಿಯಮ ನಿಮ್ಮದಂತೆ. ಒಳ್ಳೆಯ ನಿಯಮ. ನಾನು ಎಲ್ಲರಿಗಿಂತ ಹತ್ತಿರದಿಂದ ನೋಡಿದ ಮನುಷ್ಯ ಯಾರು ಎಂದು ನಿಮಗೆ ಹೊಳೆಯದೇ ಹೋಯಿತಲ್ಲ, ಅದೇ ನನಗೆ ಸೋಜಿಗ. ಅಂಗಡಿಗೆ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಿಲುವುಗನ್ನಡಿಯ ಮುಂದೆ ನಿಂತು ನಿಮ್ಮನ್ನು ಅಭ್ಯಾಸ ಮಾಡಿದೆ. ಮೊದಲು ಚಾವಿಯನ್ನು ಬಲಗಿವಿಗೆ ಹಾಕುತ್ತಿದ್ದೆ. ಒಬ್ಬರು ನೋಡಿ ತಿದ್ದಿದರು.

ಆ ದಿನ ನನ್ನ ಹೆಸರು ಕರೆದಾಗ ನಿಮ್ಮ ಮುಖ ಸಣ್ಣದಾಯಿತು. ಆದರೆ ಜನರೆದುರು ದೊಡ್ಡ ಮನಸ್ಸು ತೋರಿಸಬೇಕಲ್ಲ, ಕಲೆಯ ಮುಂದೆ ಎಲ್ಲರೂ ಸಮಾನರು ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದಿರಿ. ನಾನು ಒಬ್ಬ ಗಂಡನನ್ನು ಮಾಡಿದೆ. ಅವನ ಹೆಂಡತಿಗೆ ಒಂದು ಹಸಿರು ಸೀರೆಯ ಮೇಲೆ ಆಸೆ. ಅಂಗಡಿಯವರು ಅದನ್ನು ಅವಳಿಗೆಂದೇ ತೆಗೆದಿಟ್ಟಿದ್ದಾರೆ. ಇವನು ಹೋಗಿ, ಆಕೆ ಒಲ್ಲೆ ಅಂತಾಳೆ ಎಂದು ಹೇಳಿ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಚಪ್ಪಲಿ ಬಿಡುತ್ತಾನೆ, ನೀರು ಕುಡಿಯುತ್ತಾನೆ, ಚಾವಿಯನ್ನು ಕಿವಿಗೆ ಹಾಕಿ ತಿರುವುತ್ತ ಹೆಂಡತಿಗೆ ಹೇಳುತ್ತಾನೆ: “ಒಂದ್ ಮಾತ್ ಹೇಳ್ತೇನಿ, ಮನಸಿಗಿ ಹಚ್ಕೋಬ್ಯಾಡ. ನಾ ಅವರಿಗಿ ಭಾಳ ಹೇಳ್ದೆ. ಕೇಳಲಿಲ್ಲ. ನಿನ್ನ ಬಣ್ಣಕ್ಕ ಹಸರ ಒಗ್ಗಂಗಿಲ್ಲಂತ.”

ಮೊದಲು ನಕ್ಕವರು ತಹಮೀನಾ ಆಪಾ. ನಜಮೋದ್ದೀನ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು. ಕುರ್ಚಿಗೆ ಒರಗಿ, ಕಾಲು ಅಲ್ಲಾಡಿಸುತ್ತ, ಗಾಡಿಯ ಚಾವಿಯನ್ನು ಎಡಗಿವಿಯಲ್ಲಿ ತಿರುವುತ್ತ ನಕ್ಕಿರಿ. ಜನ ನನ್ನನ್ನೊಮ್ಮೆ ನೋಡಿದರು, ನಿಮ್ಮನ್ನೊಮ್ಮೆ ನೋಡಿದರು, ನಗು ಇಮ್ಮಡಿಯಾಯಿತು. ನೀವು ಚಾವಿ ಹಿಡಿದ ಕೈಯನ್ನೇ ಮೇಲೆತ್ತಿ, “ಅಗದಿ ಜೀವಂತ ಅದ! ಅವರಣ್ಣ ಸಿದ್ದೇಶ್ವರನ್ನ ತಂದು ನಿಲ್ಸ್ಯಾಳ ನೋಡ್ರಿ” ಎಂದಿರಿ. ನನ್ನ ಅಣ್ಣನಿಗೆ ಗಾಡಿಯೇ ಇಲ್ಲ. ಅವನಿಗೆ ಹೆಂಡತಿಯ ಹತ್ತಿರ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಧೈರ್ಯವೂ ಇಲ್ಲ.

ಆ ಗಳಿಗೆಯಲ್ಲಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಸ್ಸು ಹತ್ತಿ ಕುಳಿತ ಮೇಲೆ ಸಂಕಟ ಶುರುವಾಯಿತು. ಎಂಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತುಗಳನ್ನು, ಪಾತ್ರದ ಜಾಗದಲ್ಲಿ ಒಂದು ಸೀರೆ ಇಟ್ಟು, ನಿಮ್ಮ ಮುಖಕ್ಕೇ ಆಡಿದ್ದೆ. ನನ್ನ ಬದುಕನ್ನು ಮುದುಡಿಸಿದ ಮಾತು ನಿಮಗೆ ನೆನಪೇ ಇಲ್ಲ. ನಿಮ್ಮ ಮುಖ ಒಂದು ಕ್ಷಣ ಕಪ್ಪಿಟ್ಟಿದ್ದರೂ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ನೀವು ನಕ್ಕಿರಿ, ಆದ್ದರಿಂದ ಬರೆಯುತ್ತಿದ್ದೇನೆ.

ಇನ್ನು ನಿನ್ನೆಯ ಸಂಗತಿ. ಬಾಗಿಲಿಗೆ ಹೆಸರು ಅಂಟಿಸುವ ಮೊದಲು, ನೀವು ಫೋನ್ ಬಂತೆಂದು ಹೊರಗೆ ಹೋದಾಗ ನಜಮೋದ್ದೀನ ಸರ್ ನನ್ನನ್ನು ಕೇಳಿದರು, “ನಮ್ಮ ನಾಟಕದಾಗೂ ಮುಖ್ಯ ಪಾತ್ರ ಒಬ್ಬ ಸುಳ್ಳ ಗಂಡಂದೇ ಅದವಾ. ಅವನ್ನ ನೀನೇ ಮಾಡ್ತೀಯೇನು, ಇದೇ ಚಾವಿ ಹಿಡ್ಕೊಂಡು?” ಹಿಂದೆ ಗಂಡಸರು ಸೀರೆ ಉಟ್ಟು ಹೆಂಗಸರಾಗುತ್ತಿದ್ದರಂತೆ, ಈಗ ನಾನು ಪ್ಯಾಂಟು ಹಾಕುತ್ತೇನೆ. ನಿಮಗೆ ಯಾವ ಪಾತ್ರ ಬಂದಿದೆ ಎಂದು ಬಾಗಿಲಲ್ಲಿ ಓದಿಕೊಂಡಿರುತ್ತೀರಿ. ಈ ನಾಟಕದಲ್ಲೂ ಬಾಗಿಲು ಕಾಯುವವನೊಬ್ಬ ಇದ್ದಾನೆ. ನಿಮ್ಮ ಹಳೆಯ ಸುಳ್ಳನ್ನು ಆಪಾ ಸರ್‌ಗೆ ಹೇಳಿದ್ದಾರೆ. ಹೇಳಿ ಎಂದು ನಾನು ಅವರಿಗೆ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಈಗ ನೀವು ಬಳಗ ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಊರೆಲ್ಲ ಕೇಳುತ್ತದೆ, ಆಪಾ ಉತ್ತರ ಕೊಡುತ್ತಾರೆ. ಉಳಿದರೆ ದಿನಾ ತಾಲೀಮಿನಲ್ಲಿ ಬಾಗಿಲ ಬಳಿ ನಿಂತು ನಿಮ್ಮನ್ನೇ ನೋಡಬೇಕು. ನಿಮ್ಮ ಕೈ ಕಿವಿಯ ಹತ್ತಿರ ಹೋದರೆ ನಗುತ್ತಾರೆ. ಕೈ ಕಟ್ಟಿ ನಿಂತರೆ ಅದಕ್ಕೂ ನಗುತ್ತಾರೆ. ಬಾಗಿಲಲ್ಲಿ ನಿಂತು ತನ್ನ ಅಣಕವನ್ನು ತಾನೇ ನೋಡುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಿಮಗೆ ಬಜಿಯ ತಟ್ಟೆ ಹಿಡಿಯುವ ಕೆಲಸವಾದರೂ ಇಲ್ಲ.

ದೀಪಾವಳಿ ಮುಗಿದ ಮೇಲೆ ಮೊದಲ ಪ್ರದರ್ಶನ ನಿಮ್ಮ ಊರು ಭಾಲ್ಕಿಯಲ್ಲಿ. ಆಮೇಲೆ ಔರಾದ, ಕೊನೆಗೆ ಬೀದರ. ಎಲ್ಲಿಯೂ ನಿಮ್ಮ ಹೆಸರನ್ನು ನಾನು ಬಾಯಿ ಬಿಟ್ಟು ಹೇಳುವುದಿಲ್ಲ. ನೀವು ಮಾಡಿದ ನಿಯಮವನ್ನು ನಾನು ಮುರಿಯುವವಳಲ್ಲ. ಮನೆಗೆ ತಿರುಗಿ ಬಾ ಎಂದು ಯಾರ ಕೈಯಲ್ಲಾದರೂ ಹೇಳಿ ಕಳಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬನ್ನಿ, ಅಷ್ಟು ಸಾಕು.

ಇಂತಿ,
ಔರಾದಿನ ನಾಲಿಗೆಯ
ಬಸವೇಶ್ವರಿ

ತಾ.ಕ.: ಬಲಗಿವಿಯನ್ನು ತಿದ್ದಿದವರು ಯಾರು ಎಂದು ಹೇಳುವುದು ಉಳಿಯಿತು. ಆಡಿಷನ್‌ಗೆ ಮುಂಚೆ ಭಾಲ್ಕಿಗೆ ಹೋಗಿ ನಿಮ್ಮ ಅವ್ವನ ಎದುರು ಒಮ್ಮೆ ಮಾಡಿ ತೋರಿಸಿದೆ. ಬೈದರೆ ಬೈಯಲಿ ಎಂದೇ ಹೋಗಿದ್ದೆ. ಈರಮ್ಮ ಅತ್ತೆ ಬೈಯಲಿಲ್ಲ. ನಕ್ಕರು, ಇನ್ನೊಮ್ಮೆ ಮಾಡು ಎಂದರು, ಎರಡನೆಯ ಸಲಕ್ಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭಾಲ್ಕಿಯ ಪ್ರದರ್ಶನದಲ್ಲಿ ತಮಗೆ ಮುಂದಿನ ಸಾಲಿನಲ್ಲೇ ಕುರ್ಚಿ ಬೇಕು, ಮಗನೇ ಕೈ ಹಿಡಿದು ಕರೆತಂದು ಕೂರಿಸಬೇಕು ಎಂದಿದ್ದಾರೆ. ನಾನು ಎದ್ದು ಹೊರಟಾಗ ನನ್ನ ಕೈಯ ಚಾವಿ ತೆಗೆದುಕೊಂಡು ತಾವೇ ನನ್ನ ಎಡಗಿವಿಯ ಹತ್ತಿರ ಹಿಡಿದು ಹೇಳಿದರು: “ಈ ಕಿವಿ ಬಸವ್ವಾ, ಈ ಕಿವಿ. ಬಲಗಿವಿಗಿ ಹಾಕ್ತಿದ್ದವ್ರು ಅವರಪ್ಪ. ಸೈಕಲ್ ಚಾವಿ.”